ಕಿಡ್ನಿ ಕೊಡೋರಿಗೆ ದುರ್ಬೀನು ಆಪರೇಷನ್: ಸಹಿ ಹಾಕೋ ಮುಂಚೆ ಮತ್ತು ಆಮೇಲೆ

ಮನೆಯಲ್ಲಿ ಒಬ್ಬರ ಕಿಡ್ನಿ ಕೆಟ್ಟಿದೆ, ಡಯಾಲಿಸಿಸ್ ನಡೀತಿದೆ, "ನಿಮ್ಮಲ್ಲಿ ಯಾರಾದರೂ ಕೊಡ್ತೀರಾ?" ಅಂತ ಡಾಕ್ಟರು ಕೇಳಿದ್ದಾರೆ. ಆ ಪ್ರಶ್ನೆಗೆ "ನಾ ಕೊಡ್ತೀನಿ" ಅಂದವರಿಗೆ ಈ ಲೇಖನ. ರೋಗಿಗೆ ಬುದ್ಧಿ ಹೇಳೋಕೆ ಊರೆಲ್ಲ ಇದೆ. ಕೊಡೋರನ್ನು ಕೂರಿಸಿಕೊಂಡು ಹೇಳೋರು ಕಡಿಮೆ. ನಾನು ಜಮಖಂಡಿ ಕಡೆಯವಳು, ನಮ್ಮ ಅಣ್ಣನಿಗೆ ಎಡಗಡೆಯ ಕಿಡ್ನಿ ಕೊಟ್ಟಿದ್ದೇನೆ. ಡಾಕ್ಟರ್ ಅಲ್ಲ. ಇಲ್ಲಿರೋದನ್ನು ಓದಿಕೊಂಡು ಹೋಗಿ ನಿಮ್ಮ ಡಾಕ್ಟರನ್ನು ಪ್ರಶ್ನೆ ಕೇಳಿ, ಇಷ್ಟೇ ನನ್ನ ಆಸೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಲ್ಲಿ ಕ್ಯಾಮೆರಾ ಹಾಕಿ ಮಾಡೋ ದುರ್ಬೀನು ಆಪರೇಷನ್), ರೋಬೋಟ್ ಅಂತ ಹೆಸರುಗಳ ಹಿಂದೆ ಓಡಬೇಡಿ. ಯಾವ ಯಂತ್ರ ಅನ್ನೋದಕ್ಕಿಂತ ಯಾರ ಕೈ ಅನ್ನೋದು ದೊಡ್ಡದು. ಮತ್ತೆ ಆ ಆಸ್ಪತ್ರೆ ನಿಮ್ಮನ್ನೂ ಒಬ್ಬ ರೋಗಿಯಂತೆ ನೋಡುತ್ತಾ, ಅಥವಾ ರೋಗಿಯ ಜೊತೆ ಬಂದವರಂತೆ ನೋಡುತ್ತಾ, ಅದನ್ನು ಗಮನಿಸಿ.

ಯಾರು ಕೊಡಬಹುದು

1994ರ ಮಾನವ ಅಂಗಾಂಗ ಕಸಿ ಕಾಯ್ದೆ, ಅದಕ್ಕೆ 2011ರಲ್ಲಾದ ತಿದ್ದುಪಡಿ, ಇವೆರಡರ ಪ್ರಕಾರ "ಹತ್ತಿರದ ಸಂಬಂಧಿ" ಅಂದರೆ ಗಂಡ, ಹೆಂಡತಿ, ಅಪ್ಪ, ಅವ್ವ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಅಷ್ಟೇ. ನಮ್ಮ ಕಡೆ ಸೋದರಮಾವ ಅಂದರೆ ಅಪ್ಪನಿಗಿಂತ ಒಂದು ಕೈ ಮೇಲೆ, ಆದರೆ ಕಾನೂನಿನ ಲೆಕ್ಕದಲ್ಲಿ ಅವನು ಆ ಪಟ್ಟಿಯಲ್ಲಿಲ್ಲ. ಕಾಕಾ, ಅತ್ತೆ, ಅಳಿಯ, ಸೊಸೆ, ವೈನಿ (ಅತ್ತಿಗೆ), ಯಾರೂ ಇಲ್ಲ. ಇವರು ಕೊಡಲೇಬಾರದು ಅಂತಲ್ಲ. ಆದರೆ ಕಸಿಗೆ ಅನುಮತಿ ಕೊಡೋ ಅಧಿಕಾರ ಸಮಿತಿಯ ಮುಂದೆ ಕೂತು, ಪ್ರೀತಿಯಿಂದ ಕೊಡ್ತಿದ್ದೀನಿ, ದುಡ್ಡಿನ ವ್ಯವಹಾರ ಇಲ್ಲ ಅಂತ ಮನವರಿಕೆ ಮಾಡಿಕೊಡಬೇಕು. ದುಡ್ಡಿನ ವ್ಯವಹಾರ ಸಿಕ್ಕಿಬಿದ್ದರೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಏಜೆಂಟ್ ಅಂತ ಯಾರಾದರೂ ಫೋನ್ ಮಾಡಿದರೆ ಅಲ್ಲೇ ಕಟ್ ಮಾಡಿ.

ಕಾಗದಪತ್ರ ಈಗಲೇ ಸರಿ ಮಾಡಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಗಂಡಹೆಂಡತಿ ಆದರೆ ಮದುವೆ ಸರ್ಟಿಫಿಕೇಟ್, ಅಣ್ಣತಂಗಿ ಆದರೆ ಇಬ್ಬರಿಗೂ ಅದೇ ಅಪ್ಪ ಅವ್ವ ಅಂತ ತೋರಿಸೋ ದಾಖಲೆ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮದುವೆ ಆದ ಮೇಲೆ ಅಡ್ಡಹೆಸರು ಬೇರೆ. ಹೆಣ್ಣುಮಕ್ಕಳಿಗೆ ಇದೇ ದೊಡ್ಡ ತಲೆನೋವು. ಬಾಗಲಕೋಟೆ, ವಿಜಯಪುರದಿಂದ ಬಹಳ ಜನ ಸೋಲಾಪುರ, ಮೀರಜ್, ಪುಣೆ ಕಡೆಗೂ ಹೋಗ್ತಾರೆ. ಬೇರೆ ರಾಜ್ಯಕ್ಕೆ ಹೋಗೋದಾದರೆ ಇನ್ನೇನು ಕಾಗದ ಬೇಕು ಅಂತ ಆ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಹತ್ತಿರ ಮೊದಲೇ ಕೇಳಿ. ಆಪರೇಷನ್ ಮಾಡಿಸೋದು ಒಂದು ದಿನದ ಕೆಲಸ ಅಲ್ಲ, ಟೆಸ್ಟಿಗೆ, ಸಂದರ್ಶನಕ್ಕೆ, ತೋರಿಸೋಕೆ ಅಂತ ಹೋಗಿಬರೋದು ನಡೀತಾನೇ ಇರುತ್ತೆ. ನಮ್ಮ ಭಾಗದಲ್ಲೇ ಬೇಕು ಅಂದರೆ ಬೆಳಗಾವಿಯ ಕೆಎಲ್ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ಮಾಡ್ತಾರೆ. ಯಾವ ಆಸ್ಪತ್ರೆ ಆದರೂ ಕಸಿ ಮಾಡಲು ಸರ್ಕಾರದ ನೋಂದಣಿ ಇದೆಯಾ ನೋಡಿಕೊಳ್ಳಿ.

ಇನ್ನೊಂದು ವಿಷಯ, ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನಮ್ಮಲ್ಲಿ ಕಿಡ್ನಿ ಕೊಡೋರು ಜಾಸ್ತಿ ಅವ್ವಂದಿರು, ಹೆಂಡತಿಯರು. ಕೊಡೋರು ಹೆಣ್ಣಾದರೆ, ಅವಳ ಒಪ್ಪಿಗೆಯನ್ನು ಕಿಡ್ನಿ ಪಡೆಯೋರನ್ನು ಬಿಟ್ಟು ಬೇರೆಯವರಿಂದ ಖಾತ್ರಿ ಮಾಡಿಕೊಳ್ಳಬೇಕು ಅಂತ 2014ರ ನಿಯಮಗಳಲ್ಲೇ ಇದೆ. ಹಾಗಾಗಿ "ನಾನು ಡಾಕ್ಟರ ಜೊತೆ ಒಬ್ಬಳೇ ಮಾತಾಡಬೇಕು" ಅಂತ ಕೇಳೋದು ನಿಮ್ಮ ಹಕ್ಕು. ಥಿಯೇಟರಿಗೆ ಕರೆದುಕೊಂಡು ಹೋಗೋ ತನಕ ಬೇಡ ಅನ್ನಬಹುದು. ಮನೆಯವರ ಮುಂದೆ ಹೇಳೋಕೆ ಆಗದಿದ್ದರೆ ಡಾಕ್ಟರಿಗೆ ಹೇಳಿ, ಅವರು "ಇವರ ಕಿಡ್ನಿ ಹೊಂದಲ್ಲ" ಅಂತ ಮಾತು ಮುಗಿಸಬಹುದು.

ಟೆಸ್ಟುಗಳು

ರಕ್ತದ ಗುಂಪು, ಎಚ್‌ಎಲ್‌ಎ, ಕ್ರಾಸ್‌ಮ್ಯಾಚ್. ಕೊನೆಯ ಎರಡು, ನಿಮ್ಮ ಕಿಡ್ನಿ ಪಡೆಯೋರ ದೇಹಕ್ಕೆ ಹೊಂದುತ್ತಾ ಅಂತ ನೋಡೋ ರಕ್ತಪರೀಕ್ಷೆ. ಗುಂಪು ಹೊಂದಲಿಲ್ಲ ಅಂದರೆ ಕಥೆ ಮುಗೀತು ಅಂತಲ್ಲ, ಇದೇ ತೊಂದರೆ ಇರೋ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡಿಕೊಳ್ಳೋ ಸ್ವ್ಯಾಪ್ ಕಸಿಗೆ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆಮೇಲೆ ಸಕ್ಕರೆ, ಬಿಪಿ, ಮೂತ್ರದಲ್ಲಿ ಪ್ರೋಟೀನ್, ಎಚ್ಐವಿ, ಹೆಪಟೈಟಿಸ್, ಇಸಿಜಿ, ಎಕೋ, ಎದೆ ಎಕ್ಸ್‌ರೇ. ಡಿಟಿಪಿಎ ಸ್ಕ್ಯಾನ್‌ನಲ್ಲಿ ನಿಮ್ಮ ಎರಡು ಕಿಡ್ನಿಗಳಲ್ಲಿ ಯಾವುದು ಎಷ್ಟು ಕೆಲಸ ಮಾಡ್ತಿದೆ ಅಂತ ಬೇರೆಬೇರೆಯಾಗಿ ಗೊತ್ತಾಗುತ್ತೆ.

ಎಲ್ಲಕ್ಕಿಂತ ಮುಖ್ಯ ಸಿಟಿ ಆಂಜಿಯೋ. ಕೈಗೆ ಔಷಧಿ ಬಿಡ್ತಾರೆ, ಬಿಟ್ಟ ತಕ್ಷಣ ಗಂಟಲಿಂದ ಕೆಳಹೊಟ್ಟೆವರೆಗೆ ಬಿಸಿಬಿಸಿ ಇಳಿಯುತ್ತೆ, ಹಾಸಿಗೆಯಲ್ಲೇ ಮೂತ್ರ ಹೋಯ್ತೇನೋ ಅನ್ನಿಸುತ್ತೆ. ಹೋಗಿರಲ್ಲ. ಗಾಬರಿ ಬೇಡ. ಕಿಡ್ನಿಗೆ ರಕ್ತನಾಳ ಒಂದೇ ಇದೆಯಾ, ಎರಡು ಇದೆಯಾ ಅಂತ ಅದರಲ್ಲಿ ಕಾಣುತ್ತೆ. ಅದರ ಮೇಲೆ ಯಾವ ಕಡೆಯದು ತೆಗೀಬೇಕು ಅಂತ ತೀರ್ಮಾನ. ಸಾಮಾನ್ಯವಾಗಿ ಎಡಗಡೆಯದನ್ನೇ ತೆಗೀತಾರೆ, ಯಾಕಂದರೆ ಎಡಗಿಡ್ನಿಯ ಅಭಿಧಮನಿ (ಕಿಡ್ನಿಯಿಂದ ರಕ್ತ ವಾಪಸ್ ಒಯ್ಯೋ ನಾಳ) ಉದ್ದ ಇರುತ್ತೆ, ಹೊಸ ಜಾಗದಲ್ಲಿ ಹೊಲಿಯೋಕೆ ಸಲೀಸು. ಆದರೆ ಎರಡರಲ್ಲಿ ಒಂದು ಚೂರು ಕಮ್ಮಿ ಅಂತಿದ್ದರೆ ಆ ಕಮ್ಮಿಯದನ್ನೇ ತೆಗೆದು, ಒಳ್ಳೆಯದನ್ನು ಕೊಡೋರಿಗೇ ಬಿಡಬೇಕು. ಈ ನಿಯಮ ಎಲ್ಲ ಕಡೆ ಇದೆ. "ನನಗೆ ಯಾವುದು ಉಳೀತದೆ, ಯಾಕೆ?" ಅಂತ ಕೇಳಿ.

ಆಪರೇಷನ್ ಎಷ್ಟು ಥರ

1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲ ಯಶಸ್ವಿ ಕಿಡ್ನಿ ಕಸಿ ಆದಾಗಿಂದ 40 ವರ್ಷ, ಕೊಡೋರಿಗೆ ಒಂದೇ ದಾರಿ ಇತ್ತು. ಪಕ್ಕೆಯಲ್ಲಿ 15–20 ಸೆಂಟಿಮೀಟರ್ ಕೊಯ್ದು, ಸ್ನಾಯು ಕತ್ತರಿಸಿ, ಕೆಲವೊಮ್ಮೆ ಕೊನೆಯ ಪಕ್ಕೆಲುಬಿನ ತುಂಡೂ ತೆಗೆದು, ಕಿಡ್ನಿ ಹೊರಗೆ. ಪಡೆದವರು ಬೇಗ ಎದ್ದು ಓಡಾಡ್ತಿದ್ದರು, ಕೊಟ್ಟವರು ಪಕ್ಕೆ ಹಿಡಿದುಕೊಂಡು ತಿಂಗಳುಗಟ್ಟಲೆ. 1995ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಾಯ್ಡ್ ರಾಟ್ನರ್, ಲೂಯಿಸ್ ಕವೂಸಿ ಅನ್ನೋ ಡಾಕ್ಟರುಗಳು ಮೊದಲ ಸಲ ಕೊಡೋರ ಕಿಡ್ನಿಯನ್ನು ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದರು. ಈಗ ಬಹಳ ಕಡೆ ಅದೇ ರೂಢಿ.

ನಮ್ಮ ಕಡೆ ಜನ ದುರ್ಬೀನು ಆಪರೇಷನ್ ಅಂತಾರೆ, ಹೋಲ್ ಆಪರೇಷನ್ ಅಂತಾನೂ ಅಂತಾರೆ. ಹೊಟ್ಟೆಯಲ್ಲಿ ಮೂರುನಾಲ್ಕು ತೂತು, ಒಂದೊಂದು 5ರಿಂದ 12 ಮಿಲಿಮೀಟರ್. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆ ಕಡ್ಡಿಯಂಥ ಉಪಕರಣ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ ಜಾಗ ಮಾಡಿಕೊಳ್ತಾರೆ. ಆದರೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ: ಪಿತ್ತಕೋಶದ ಥರ ಕಿಡ್ನಿಯನ್ನು ತೂತಿನಲ್ಲಿ ಎಳೆಯೋಕೆ ಆಗಲ್ಲ. ಅದನ್ನು ಏನೂ ಆಗದಂತೆ ಇಡಿಯಾಗಿ ಹೊರಗೆ ತರಬೇಕು. ಅದಕ್ಕೆ ಕೆಳಹೊಟ್ಟೆಯಲ್ಲಿ 6–8 ಸೆಂಟಿಮೀಟರ್ ಅಡ್ಡ ಗಾಯ ಮಾಡಲೇಬೇಕು, ಸಿಸೇರಿಯನ್ ಗಾಯ ಇರೋ ಜಾಗದಲ್ಲೇ. ಮೊದಲೇ ಸಿಸೇರಿಯನ್ ಆಗಿದ್ದರೆ ಎಷ್ಟೋ ಸಲ ಅದೇ ಗಾಯದ ಗೆರೆಯಲ್ಲೇ ತೆಗೀತಾರೆ. "ಬರೀ ಮೂರು ತೂತು, ಎರಡು ದಿನಕ್ಕೆ ಮನೆಗೆ" ಅಂತ ಯಾರಾದರೂ ಹೇಳಿದರೆ ಆ ಅಡ್ಡಗಾಯದ ಬಗ್ಗೆ ಕೇಳಿ.

ಕೈ ಸಹಾಯದ ಲ್ಯಾಪ್ರೋಸ್ಕೋಪಿ ಅಂತ ಇನ್ನೊಂದಿದೆ. ಆ ಅಡ್ಡಗಾಯವನ್ನು ಕೊನೆಗೆ ಮಾಡೋ ಬದಲು ಮೊದಲೇ ಮಾಡಿ, ಗ್ಯಾಸ್ ಹೊರಗೆ ಹೋಗದಂತೆ ರಬ್ಬರಿನಂಥ ಮುಚ್ಚಳ ಕೂರಿಸಿ, ಅದರೊಳಗಿಂದ ಸರ್ಜನ್ ತಮ್ಮ ಒಂದು ಕೈಯನ್ನೇ ಒಳಗೆ ಹಾಕ್ತಾರೆ. ಮುಟ್ಟಿ ನೋಡಬಹುದು, ರಕ್ತ ಬಂದರೆ ಬೆರಳಲ್ಲೇ ಒತ್ತಿ ಹಿಡಿಯಬಹುದು. ಇದನ್ನು ಕೀಳು ಅಂತ ತಿಳಿಯಬೇಡಿ.

ಬೆನ್ನಿನ ಕಡೆಯಿಂದ ಹೋಗೋ ವಿಧಾನದಲ್ಲಿ ಕರುಳು ಇರೋ ಪೊರೆಯನ್ನು ಬಿಚ್ಚೋದೇ ಇಲ್ಲ. ಹಿಂದೆ ಹೊಟ್ಟೆ ಆಪರೇಷನ್ ಆಗಿ ಒಳಗೆ ಅಂಟಿಕೊಂಡಿದ್ದರೆ ಇದು ಒಳ್ಳೆಯದು, ಆದರೆ ಜಾಗ ಕಮ್ಮಿ, ಅಭ್ಯಾಸ ಇರೋ ಸರ್ಜನ್ ಬೇಕು. ಹೊಕ್ಕುಳಲ್ಲಿ ಒಂದೇ ತೂತು ಮಾಡೋದೂ ಇದೆ. ಗಾಯ ಕಾಣಲ್ಲ ಅನ್ನೋದು ಬಿಟ್ಟರೆ ದೊಡ್ಡ ಲಾಭ ನನಗೇನೂ ಕಾಣಿಸಿಲ್ಲ.

ಇನ್ನು ರೋಬೋಟ್. ರೋಬೋಟ್ ತಾನೇ ಆಪರೇಷನ್ ಮಾಡಲ್ಲ, ಸರ್ಜನ್ ಪಕ್ಕದಲ್ಲಿ ಕೂತು ಅದರ ತೋಳುಗಳನ್ನು ನಡೆಸ್ತಾರೆ. ಮಣಿಕಟ್ಟಿನ ಥರ ತಿರುಗುತ್ತೆ, ಚಿತ್ರ ಆಳವಾಗಿ ಕಾಣುತ್ತೆ, ನಾಳಗಳು ಎರಡು ಮೂರು ಇದ್ದಾಗ ಅನುಕೂಲ. ಬಿಲ್ಲು ಮಾತ್ರ ಜಾಸ್ತಿ. ಕೊಡೋರ ನೋವು, ಮನೆಗೆ ಹೋಗೋ ದಿನ ಇವುಗಳಲ್ಲಿ ಒಳ್ಳೆಯ ಲ್ಯಾಪ್ರೋಸ್ಕೋಪಿಗೂ ಇದಕ್ಕೂ ಅಂಥ ಅಂತರ ಇಲ್ಲ. ಹೊಲ ಒತ್ತೆ ಇಟ್ಟು ರೋಬೋಟ್ ಮಾಡಿಸೋ ಅವಶ್ಯಕತೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಸರ್ಜನ್ ಮುಂದೆ ಕೂತಾಗ

"ನೀವು ಕೊಡೋರ ಆಪರೇಷನ್ ಇಲ್ಲಿವರೆಗೆ ಎಷ್ಟು ಮಾಡಿದ್ದೀರಿ?" ಅಂತ ಕೇಳೋಕೆ ನಮಗೆ ಬಾಯಿ ಬರಲ್ಲ, ದೊಡ್ಡವರನ್ನು ಹೇಗೆ ಕೇಳೋದು ಅಂತ. ಕೇಳ್ರಿ. ಒಳ್ಳೆಯ ಸರ್ಜನ್ ಸಿಟ್ಟಾಗಲ್ಲ. ಅರ್ಧಕ್ಕೆ ನಿಲ್ಲಿಸಿ ಹೊಟ್ಟೆ ತೆರೆಯಬೇಕಾದ ಪ್ರಸಂಗ ಎಷ್ಟು ಸಲ ಬಂದಿದೆ ಅಂತಲೂ ಕೇಳಿ. ಅನುಭವ ಇರೋ ಕಡೆ ಅದು ನೂರಕ್ಕೆ ಒಂದೆರಡು. ಹಾಗೆ ತೆರೆದರೆ ಅದು ಸೋಲು ಅಲ್ಲ, ನಿಮ್ಮ ಜೀವ ಉಳಿಸೋ ಕೆಲಸ. ಅದಕ್ಕೂ ಸಹಿ ತಗೊಂಡಿರ್ತಾರೆ.

ಒಂದು ಪ್ರಶ್ನೆ ಯಾರೂ ಕೇಳಲ್ಲ: "ಕಿಡ್ನಿಯ ಅಪಧಮನಿಯನ್ನು ಹೇಗೆ ಮುಚ್ಚುತ್ತೀರಿ?" ಕೊಡೋರಲ್ಲಿ ಜೀವಕ್ಕೆ ಅಪಾಯ ಆಗೋದು ಹೆಚ್ಚಾಗಿ ರಕ್ತಸ್ರಾವದಿಂದ. ಅಪಧಮನಿ ಅಂದರೆ ಕಿಡ್ನಿಗೆ ರಕ್ತ ತರೋ ನಾಳ. ಅದು ನೇರವಾಗಿ ಮಹಾಪಧಮನಿಯಿಂದ, ಅಂದರೆ ಹೃದಯದಿಂದ ಹೊರಡೋ ದೊಡ್ಡ ನಾಳದಿಂದ ಬರುತ್ತೆ, ಮುಚ್ಚಿದ್ದು ಜಾರಿದರೆ ನಿಮಿಷಗಳ ಆಟ. ಒತ್ತಿ ಲಾಕ್ ಮಾಡೋ ಪ್ಲಾಸ್ಟಿಕ್ ಲಾಕಿಂಗ್ ಕ್ಲಿಪ್‌ಗಳನ್ನು ಕೊಡೋರ ಕಿಡ್ನಿ ಅಪಧಮನಿಗೆ ಬಳಸಬಾರದು ಅಂತ 2006ರಲ್ಲೇ ತಯಾರಕರ ಸೂಚನೆಯಲ್ಲಿ ಬಂದಿತ್ತು, 2011ರಲ್ಲಿ ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಎಚ್ಚರಿಸಿತು. ಸ್ಟೇಪ್ಲರ್ ಹಾಕಿದರೆ ಅಥವಾ ನಾಳದ ಗೋಡೆಗೇ ಹೊಲಿಗೆ ಹಾಕಿ ಕಟ್ಟಿದರೆ ಗಟ್ಟಿ. ಸ್ಟೇಪ್ಲರ್ ದುಬಾರಿ. ಬಿಲ್ಲಿನಲ್ಲಿ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ.

ಅಪಾಯ ಎಷ್ಟು? ಅಮೆರಿಕದ ಲೆಕ್ಕದಲ್ಲಿ ಮೊದಲು 10,000 ಜನ ಕೊಟ್ಟರೆ ಸುಮಾರು ಮೂವರು ಆಪರೇಷನ್ ಆದ ಮೂರು ತಿಂಗಳಲ್ಲಿ ಸಾಯ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು ಒಂದಕ್ಕಿಂತ ಕಮ್ಮಿ ಆಗಿದೆ. ಸೊನ್ನೆ ಅಲ್ಲ. ಸೊನ್ನೆ ಅಂತ ಹೇಳೋರನ್ನು ನಂಬಬೇಡಿ.

ದುಡ್ಡಿನ ಮಾತು ಬರೆಸಿಕೊಳ್ಳಿ. ಕೊಡೋರ ಟೆಸ್ಟು, ಆಪರೇಷನ್ನು, ಆಮೇಲೆ ಸೋಂಕು ಆಗಿ ಮತ್ತೆ ಅಡ್ಮಿಟ್ ಆದರೆ ಅದು, ಇವು ಪ್ಯಾಕೇಜ್ ಒಳಗಾ ಹೊರಗಾ? ಬಿಪಿಎಲ್ ಕಾರ್ಡ್ ಇದ್ದರೆ ಕಸಿಗೆ ರಾಜ್ಯ ಸರ್ಕಾರದ ನೆರವು ಇದೆ, ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗಳ ಮಾಹಿತಿ ಕೊಡೋ ಆರೋಗ್ಯಮಿತ್ರರ ಕೌಂಟರ್‌ನಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರಿ ನೌಕರರಾದರೆ ಅಂಗದಾನಕ್ಕೆ 42 ದಿನದವರೆಗೆ ವಿಶೇಷ ರಜೆ 2023ರಿಂದ ಸಿಗ್ತಿದೆ.

ಆಪರೇಷನ್ ಹಿಂದಿನ ವಾರಗಳು

ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಬಿಡಿ. ನಾಲ್ಕು ವಾರ ಮುಂಚೆಯಾದರೂ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಿ, ರಕ್ತ ಹೆಪ್ಪುಗಟ್ಟೋ ಅಪಾಯಕ್ಕೆ ಅದನ್ನು ನಿಲ್ಲಿಸ್ತಾರೆ. ಸಂತಾನಹರಣ, ಅಪೆಂಡಿಕ್ಸ್, ಸಿಸೇರಿಯನ್, ಹಿಂದೆ ಏನೇ ಆಪರೇಷನ್ ಆಗಿದ್ದರೂ ಹೇಳಿ. ದಿನಾ ನಡೆಯಿರಿ. ಮೂರು ಚೆಂಡಿನ ಉಸಿರಾಟದ ಡಬ್ಬಿ ಒಂದು ಕೊಡ್ತಾರೆ. ಊದೋದಲ್ಲ, ಎಳೆಯೋದು. ಅಲ್ಲಿ ನೋವಿನಲ್ಲಿ ಕಲಿಯೋದಕ್ಕಿಂತ ಮನೆಯಲ್ಲೇ ರೂಢಿ ಮಾಡಿಕೊಳ್ಳಿ.

ಆಸ್ಪತ್ರೆಯಲ್ಲಿ

ಕೊಡೋರನ್ನು ಮೊದಲು ಒಳಗೆ ಕರೆದುಕೊಂಡು ಹೋಗ್ತಾರೆ. ನನಗೆ ಪೆನ್ನಿನಿಂದ ಎಡಪಕ್ಕೆಗೆ ಬಾಣದ ಗುರುತು ಹಾಕಿ, ನನ್ನ ಬಾಯಿಂದಲೇ "ಎಡಗಡೆ" ಅಂತ ಹೇಳಿಸಿದರು. ನಿಮಗೂ ಹಾಗೆ ಮಾಡಿಸಿಕೊಳ್ಳಿ. ಪೂರ್ತಿ ಅರಿವಳಿಕೆ ಕೊಟ್ಟು ಪಕ್ಕಕ್ಕೆ ಮಲಗಿಸಿ ಮಾಡ್ತಾರೆ, ಮೂರುನಾಲ್ಕು ತಾಸು ಹಿಡಿಯುತ್ತೆ. ಎಚ್ಚರ ಆದಾಗ ಮೂತ್ರಕ್ಕೆ ಪೈಪು, ಕೈಗೆ ಸಲೈನ್, ಕಾಲಿಗೆ ಬಿಗಿ ಸಾಕ್ಸ್.

ಎಲ್ಲರೂ ಹೊಟ್ಟೆ ನೋವು ಅಂತ ಹೆದರಿಸಿರ್ತಾರೆ. ಮೊದಲ ರಾತ್ರಿ ನನ್ನನ್ನು ಎಬ್ಬಿಸಿದ್ದು ಬಲಭುಜ. ಅಲುಗಾಡಿಸೋಕೆ ಆಗ್ತಿಲ್ಲ. "ಸಿಸ್ಟರ್, ಭುಜ ಸಿಡೀತೈತ್ರಿ, ಹಾರ್ಟಿಗೇನರ ಆತೇನ್ರಿ?" ಅಂದೆ. ಅವರು ಬಿಪಿ, ಆಕ್ಸಿಜನ್ ನೋಡಿ, "ಏನಿಲ್ರಿ ಅಕ್ಕಾರ, ಗ್ಯಾಸಿನ ನೋವ್ರಿ ಅದು. ಮುಂಜಾನೆ ಎದ್ದು ಅಡ್ಡಾಡ್ರಿ, ಹೊಕ್ಕೈತಿ" ಅಂದರು. ಹೊಟ್ಟೆಗೆ ತುಂಬಿದ ಗ್ಯಾಸ್ ಸ್ವಲ್ಪ ಉಳಿದು ವಪೆಯನ್ನು (ಎದೆ, ಹೊಟ್ಟೆ ನಡುವಿನ ಪರದೆಯನ್ನು) ಕೆಣಕುತ್ತೆ, ಆ ನರದ ನೋವು ಭುಜದಲ್ಲಿ ಕಾಣಿಸುತ್ತೆ. ಒಂದೆರಡು ದಿನದಲ್ಲಿ ಹೋಗುತ್ತೆ. ಉಸಿರು ಕಟ್ಟಿದರೆ, ಎದೆ ಒತ್ತಿದಂತಾದರೆ ಮಾತ್ರ ಗ್ಯಾಸ್ ಅಂತ ಸುಮ್ನೆ ಮಲಗಬೇಡಿ, ತಕ್ಷಣ ಕರೆಯಿರಿ.

ಮರುದಿನ ಎಬ್ಬಿಸಿ ನಡೆಸ್ತಾರೆ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿ. ಮೊದಲು ನೀರು, ಗಂಜಿ, ಆಮೇಲೆ ಮೆತ್ತನೆ ಊಟ. ಹೂಸು ಬಿಡೋ ತನಕ ರೊಟ್ಟಿ ಕೇಳಬೇಡಿ. ಎಲ್ಲ ಸರಿ ಇದ್ದರೆ ಎರಡರಿಂದ ನಾಲ್ಕು ದಿನದಲ್ಲಿ ಮನೆಗೆ.

ಮನೆಗೆ ಬಂದ ಮೇಲೆ

ಇಲ್ಲೇ ಎಡವಟ್ಟು ಆಗೋದು. ಹೊರಗಿನ ಗಾಯ ಚಿಕ್ಕದು, ನೋಡೋರಿಗೆ ನೀವು ಆರಾಮ ಇದ್ದೀರಿ. ಒಳಗೆ ಹೊಲಿಗೆ ಇನ್ನೂ ಹಸಿ. ನಾಲ್ಕರಿಂದ ಆರು ವಾರ ನಾಲ್ಕೈದು ಕಿಲೋಗಿಂತ ಜಾಸ್ತಿ ಎತ್ತಬಾರದು. ಅಂದರೆ ತುಂಬಿದ ಕೊಡ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಎತ್ತಿಕೊಳ್ಳೋಕೆ ಓಡಿಬರೋ ಮೊಮ್ಮಗನೂ ಇಲ್ಲ. ಕೂತು ರೊಟ್ಟಿ ಬಡಿಯೋದು ಬೇಡ, ಕೆಳಹೊಟ್ಟೆ ಮೇಲೆ ಭಾರ ಬೀಳುತ್ತೆ. ಕುಕ್ಕರುಗಾಲಲ್ಲಿ ಕೂತು ಹಿಂಡೋದು, ಬಟ್ಟೆ ಒಗೆಯೋದು ಬೇಡ. ಮೋಟರ್‌ಸೈಕಲ್ ಡಾಕ್ಟರು ಹೂಂ ಅನ್ನೋ ತನಕ ಬೇಡ. ಕೂತು ಮಾಡೋ ಕೆಲಸಕ್ಕೆ ಎರಡು ಮೂರು ವಾರಕ್ಕೆ ಹೋಗಬಹುದು. ಬನಹಟ್ಟಿಯಲ್ಲಿ ಮಗ್ಗದ ಮುಂದೆ ದಿನವಿಡೀ ನಿಲ್ಲೋರು, ಮುಧೋಳದ ಕಬ್ಬಿನ ಗ್ಯಾಂಗಿನವರು, ತಿಕೋಟಾ ಕಡೆ ದ್ರಾಕ್ಷಿಗೆ ಔಷಧಿ ಹೊಡೆಯೋ ಪಂಪು ಬೆನ್ನಿಗೆ ಹೊರೋರು, ಇವರೆಲ್ಲ ಇನ್ನೂ ಜಾಸ್ತಿ ರಜಾ ಇಟ್ಟುಕೊಳ್ಳಬೇಕು. ಸುಗ್ಗಿಗೆ ಮುಂಚೆ ಆಪರೇಷನ್ ತಾರೀಖು ಇಟ್ಟುಕೊಂಡು ಸುಗ್ಗಿಗೆ ಇಳಿಯೋ ಲೆಕ್ಕ ಹಾಕಬೇಡಿ.

ಜ್ವರ, ಗಾಯದಿಂದ ಕೀವು, ಒಂದು ಕಾಲಿನ ಮೀನಖಂಡ ಊದಿ ನೋವು, ಹೊಟ್ಟೆ ಉಬ್ಬಿ ವಾಂತಿ, ಮೂತ್ರ ಕಮ್ಮಿ ಆಗೋದು: ಇವುಗಳಲ್ಲಿ ಯಾವುದೇ ಬಂದರೂ ಅದೇ ದಿನ ಫೋನ್ ಮಾಡಿ. ತೊಡೆಯಲ್ಲಿ ಜೋಮು, ಗಂಡಸರಿಗೆ ಎಡಗಡೆಯ ಬೀಜದಲ್ಲಿ ನೋವು ಕೆಲವರಿಗೆ ಬರುತ್ತೆ. ನಾಚಿಕೆ ಪಟ್ಟು ಮುಚ್ಚಿಡಬೇಡಿ, ಇದು ಗೊತ್ತಿರೋ ತೊಂದರೆಯೇ.

ಮನಸ್ಸಿನ ವಿಷಯ. ಬಂದವರೆಲ್ಲ "ಅಣ್ಣ ಹೆಂಗದಾನ?" ಅಂತ ಕೇಳಿ ಅವನ ಕೋಣೆಯ ಬಾಗಿಲಿಗೆ ಹೋಗ್ತಾರೆ. ಒಮ್ಮೊಮ್ಮೆ ಅಳು ಬರುತ್ತೆ. ನನಗೆ ಬಂದಿತ್ತು. ನಮ್ಮ ವೈನಿ ಅಣ್ಣನ ಮಾತ್ರೆಯ ಜೊತೆ ನನ್ನ ಮಾತ್ರೆಯನ್ನೂ ತಟ್ಟೆಯಲ್ಲಿಟ್ಟು ಮೊದಲು ನನಗೆ ಕೊಡೋಕೆ ಶುರು ಮಾಡಿದರು, ಅದರಿಂದ ಅರ್ಧ ಹಗುರ ಆಯ್ತು.

ಒಂದು ಕಿಡ್ನಿಯ ಮುಂದಿನ ವರ್ಷಗಳು

ಉಳಿದ ಕಿಡ್ನಿ ದಪ್ಪ ಆಗಿ, ಮೊದಲಿನ ಒಟ್ಟು ಕೆಲಸದ ಸುಮಾರು 70 ಪರ್ಸೆಂಟ್ ತಾನೇ ನಿಭಾಯಿಸುತ್ತೆ. ಬದುಕೋಕೆ ಅದು ಸಾಕು. ಮುಂದೆ ಕೊಡೋರ ಕಿಡ್ನಿಯೇ ಕೈಕೊಡೋ ಅಪಾಯ ಕಮ್ಮಿ, ಆದರೆ ಇದೆ: ಅಮೆರಿಕದ 2014ರ ಅಧ್ಯಯನದಲ್ಲಿ 15 ವರ್ಷದಲ್ಲಿ 10,000 ದಾನಿಗಳಲ್ಲಿ ಸುಮಾರು 30 ಜನಕ್ಕೆ, ಅಷ್ಟೇ ಆರೋಗ್ಯವಾಗಿದ್ದು ಕೊಡದವರಲ್ಲಿ ಸುಮಾರು 4 ಜನಕ್ಕೆ. ಇನ್ನೂ ಮಕ್ಕಳಾಗಬೇಕಿರೋ ಹೆಣ್ಣುಮಕ್ಕಳು ಇದನ್ನೂ ತಿಳಿದುಕೊಳ್ಳಿ: ಕೊಟ್ಟ ಮೇಲೆ ಬಸುರಿಯಲ್ಲಿ ಬಿಪಿ ಏರೋದು ಸುಮಾರು ಎರಡು ಪಟ್ಟು. ಆಗಬಾರದು ಅಂತಲ್ಲ, ಹೆರಿಗೆ ಡಾಕ್ಟರಿಗೆ ಮೊದಲ ದಿನವೇ ಹೇಳಬೇಕು.

ನಮ್ಮ ಕಡೆಯ ದೊಡ್ಡ ಶತ್ರು ನೋವಿನ ಸೂಜಿ. ಕಳೆ ತೆಗೆದು ಸೊಂಟ ಹಿಡೀತು, ಊರ ಡಾಕ್ಟರ ಹತ್ತಿರ ಒಂದು ಡೈಕ್ಲೋ ಚುಚ್ಚಿಸಿಕೊಂಡು ಬಂದರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಕಿಡ್ನಿಗೆ ಹೊಡೆತ. ನೋವಿಗೆ ಪ್ಯಾರಾಸಿಟಮಾಲ್, ಅದೂ ಕೇಳಿ. ಹೆಸರಿಲ್ಲದ ಭಸ್ಮ, ನಾಟಿ ಪುಡಿ ಬೇಡವೇ ಬೇಡ, ಕೆಲವದರಲ್ಲಿ ಸೀಸ, ಪಾದರಸ ಇರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಹೊಲಕ್ಕೆ ಹೋಗೋರು ನೀರಿನ ಬಾಟಲಿ ಬಿಡಬಾರದು, ವಾಂತಿಭೇದಿ ಆದರೆ ಮನೆಯಲ್ಲೇ ಮಲಗಬಾರದು. ಊಟಕ್ಕೆ ಪಥ್ಯ ಅಂತ ಏನಿಲ್ಲ, ರೊಟ್ಟಿ, ಝುಣಕ, ಶೇಂಗಾ ಚಟ್ನಿ ಎಲ್ಲ ನಡೆಯುತ್ತೆ. ಉಪ್ಪಿನಕಾಯಿ, ಹಪ್ಪಳ ಮಾತ್ರ ಕೈ ಹಿಡಿದು ತಿನ್ನಿ. ಜಿಮ್‌ನವರು ಮಾರೋ ಪ್ರೋಟೀನ್ ಪುಡಿ ಬೇಡ.

ವರ್ಷಕ್ಕೊಮ್ಮೆ ಮೂರು ಕೆಲಸ: ಬಿಪಿ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ಕಸ), ಮೂತ್ರದಲ್ಲಿ ಪ್ರೋಟೀನ್. ಜಿಲ್ಲಾ ಆಸ್ಪತ್ರೆಯಲ್ಲೂ ಆಗುತ್ತೆ. ಆಪರೇಷನ್‌ಗೆ ಮುಂಚೆ 0.8 ಇದ್ದ ಕ್ರಿಯಾಟಿನಿನ್ ಈಗ 1.1 ಅಥವಾ 1.2 ಅಂತ ಬರಬಹುದು. ಲ್ಯಾಬಿನವರ ಕಂಪ್ಯೂಟರಿಗೆ ನೀವು ಕಿಡ್ನಿ ಕೊಟ್ಟವರು ಅಂತ ಗೊತ್ತಿರಲ್ಲ, ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಅಂದಾಜು) 65 ಅಂತ ದಪ್ಪಕ್ಷರದಲ್ಲಿ ಹಾಕಿ ಪಕ್ಕದಲ್ಲಿ ಒಂದು ಎಚ್ಚರಿಕೆ ಗುರುತು ಒತ್ತಿರುತ್ತೆ. ಆ ಚೀಟಿ ಒಂದನ್ನೇ ನೋಡಿ ಹೌಹಾರಬೇಡಿ. ಹೋದ ವರ್ಷದ್ದನ್ನು ಪಕ್ಕದಲ್ಲಿಟ್ಟು ನೋಡಿ. ಅಷ್ಟೇ ಇದ್ದರೆ ಸರಿ. ವರ್ಷದಿಂದ ವರ್ಷಕ್ಕೆ ಏರ್ತಾ ಇದ್ದರೆ, ಅಥವಾ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿದರೆ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಹೋಗಿ. ಎರಡೂ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ ಒಯ್ಯೋದು ಮರೀಬೇಡಿ.